ಹಗೂರ ಇರೋ ಬಂದೂಕು

ಊರಿಗೆ ಹೊರಟಿದ್ದೇನೆ. ವಿಮಾನದವರ ತೂಕದ ಮಿತಿಗೆ ಹೆದರಿ ಸೂಟ್‌ಕೇಸನ್ನು ಕೈತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ ಮೇಲೆತ್ತುವಾಗ ಇವತ್ತು ನಗು ಬಂತು. ಅಮೆರಿಕದಲ್ಲಿರುವ ನಮ್ಮಂಥವರ ಮನೆಯಲ್ಲಿ ಪಾಸ್‌ಪೋರ್ಟ್ ಕಳೆದೀತು, ಈ ತಕ್ಕಡಿ ಕಳೆಯುವುದಿಲ್ಲ. ಅದೇ ಕೊಕ್ಕೆಗೆ ನಾನೊಮ್ಮೆ ಜಿಂಕೆ ಹೊಡೆಯುವ ರೈಫಲ್ ನೇತುಹಾಕಿದ್ದೆ ಎಂದರೆ ನೀವು ನಂಬಲಿಕ್ಕಿಲ್ಲ. ಕೇಕಿಗೆ ಮೊಟ್ಟೆ ಹಾಕಿದ್ದಾರೋ ಎಂದು ಎರಡೆರಡು ಸಲ ವಿಚಾರಿಸಿ ತಿನ್ನುವ ಆಸಾಮಿ ನಾನು.

ರೈಫಲ್ ರೇಣುಕಕ್ಕನದು. ಇಲ್ಲಿಗೆ ಬಂದ ಮೇಲೆ ಪರಿಚಯವಾದವರು, ಹುಬ್ಬಳ್ಳಿಯವರು. ಹೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನಲ್ಲಿ ಗಂಡ ವಿಠ್ಠಲಣ್ಣನ ಜೊತೆ ಗ್ರಾನೈಟ್ ಅಂಗಡಿ ನಡೆಸುತ್ತಾರೆ. ಕಲ್ಲು ಕೊಳ್ಳಲು ಬಂದ ದನದ ಫಾರ್ಮಿನ ಯಜಮಾನನೊಬ್ಬ ಅಕ್ಕನಿಗೆ ಬೇಟೆಯ ರುಚಿ ಹತ್ತಿಸಿದ್ದ. ಚಳಿ ಶುರುವಾಯಿತೆಂದರೆ ಅಕ್ಕ ಅವನ ಹೊಲದ ಅಂಚಿನಲ್ಲಿ ಜಿಂಕೆಗೆ ಕಾಣದಂತೆ ಕಟ್ಟಿದ ಮರೆಯೊಳಗೆ ಕೂತುಬಿಡುತ್ತಿದ್ದರು. ವಿಠ್ಠಲಣ್ಣನಿಗೆ ಇದೊಂದೂ ಬೇಡ. ಹೆಂಡತಿಯನ್ನು ಕರೆತಂದು ಟ್ರಕ್ಕಿನಲ್ಲೇ ನಿದ್ದೆ ಹೊಡೆಯುತ್ತಿದ್ದರು.

ಆಮೇಲೆ ಒಂದು ವರ್ಷ, ಅಂಗಡಿಯಲ್ಲಿ ಜಾರಿದ ಕಲ್ಲನ್ನು ಹಿಡಿಯಹೋಗಿ ಅಕ್ಕನ ಬಲಭುಜಕ್ಕೆ ಆಪರೇಷನ್ ಆಯಿತು. ಗಾಯ ಮಾಗಿತು, ಜೋಪಾನವಾಗಿರಿ ಎಂದು ಡಾಕ್ಟರು ಮನೆಗೆ ಕಳಿಸಿದರು. ಹಳೆಯ ಬಂದೂಕಿನ ಪೆಟ್ಟು ಮಾತ್ರ ಇನ್ನು ಆಗದು. ಈ ಬೇಟೆ ಸೀಸನ್ನಿನಲ್ಲಿ ಆಗದಿದ್ದರೆ ಬಂದೂಕು ಗಿಂದೂಕು ಎಲ್ಲ ಮಾರಿಬಿಡೋಣ ಎಂದರು ವಿಠ್ಠಲಣ್ಣ. ಅಕ್ಕನಿಗೆ ಮಾಂಸದ ಆಸೆಯೇನೂ ಇರಲಿಲ್ಲ. ವರ್ಷವಿಡೀ ತನ್ನದಲ್ಲದ ಭಾಷೆಯಲ್ಲಿ ಗಿರಾಕಿಗಳ ಹತ್ತಿರ ಮಾತಾಡಿ ಮಾತಾಡಿ ಬಾಯಿ ಸೋತಿರುತ್ತದೆ, ಆ ಮರೆಯೊಳಗೆ ಯಾರ ಜೊತೆಗೂ ಮಾತೇ ಬೇಕಿಲ್ಲ ಎನ್ನುತ್ತಿದ್ದರು. ಅದು ಕೈತಪ್ಪಿ ಹೋಗುತ್ತದಲ್ಲ ಎಂಬುದೇ ಅವರ ಸಂಕಟ.

ಕಾರಿನಲ್ಲಿ ಮೂರು ಗಂಟೆ ದೂರದ ಸೀಡರ್ ಪಾರ್ಕಿನಲ್ಲಿದ್ದ ನನಗೆ ಫೋನ್ ಬಂತು.

“ತಮ್ಮಾ, ನೀ ಕಂಪ್ಯೂಟರಿನ್ಯಾಂವ. ನನ್ನ ಭುಜಕ್ಕ ಹಗೂರ ಇರೋ ಬಂದೂಕ ಒಂದ ಹುಡುಕಿ ಕೊಡಪಾ.”

ನಾನು ಮೈಸೂರಿನವನು. ಹಗುರ ಎಂದರೆ ನಮಗೆ ತೂಕ ಕಮ್ಮಿ, ಅಷ್ಟೇ. ಆಫೀಸಿನ ಕಂಪ್ಯೂಟರ್ ಚಿಪ್ಪಿನ ಕೆಲಸ ಬದಿಗಿಟ್ಟು ರೈಫಲ್ಲುಗಳ ತೂಕ ಓದುವ ಹುಚ್ಚು ಹಿಡಿಯಿತು. ಮರದ ಹಿಡಿಯಾದರೆ ಎಷ್ಟು, ಕಾರ್ಬನ್ ಫೈಬರ್ ಆದರೆ ಎಷ್ಟು, ನಳಿಕೆ ಎರಡಿಂಚು ಕುಗ್ಗಿದರೆ ಎಷ್ಟು ಉಳಿತಾಯ! ಓದುತ್ತ ಹೋದಂತೆ ಲೋಕದಲ್ಲಿ ಇಷ್ಟೊಂದು ವಿಷಯವಿದೆಯೇ ಎನ್ನಿಸಿತು. ಕೊನೆಗೆ ಎಲ್ಲಕ್ಕಿಂತ ಹಗುರವಾದದ್ದನ್ನು ಕೊಡಿಸಿದೆ. ಅವರ ಗ್ಯಾರೇಜಿನಲ್ಲಿ ನನ್ನ ತಕ್ಕಡಿಗೇ ನೇತುಹಾಕಿದರೆ ಎರಡೂವರೆ ಕೇಜಿ ಚಿಲ್ಲರೆ. ಸೂಟ್‌ಕೇಸಿನಲ್ಲಿ ಇನ್ನೆರಡು ಡಬ್ಬಿ ಉಪ್ಪಿನಕಾಯಿಗೆ ಜಾಗವಾಯಿತು ಎಂಬಂತೆ ಬೀಗಿದೆ.

ಗುಂಡು ಹಾರಿಸಿ ಅಭ್ಯಾಸ ಮಾಡುವ ಹೂಸ್ಟನ್ ಹೊರಗಿನ ಶೂಟಿಂಗ್ ರೇಂಜಿಗೆ ಮೂವರೂ ಹೋದೆವು. ಅಕ್ಕ ಒಂದೇ ಒಂದು ಗುಂಡು ಹಾರಿಸಿದರು. ಬಂದೂಕನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಭುಜ ಹಿಡಿದುಕೊಂಡು ಆ ಕಡೆ ತಿರುಗಿ ನಿಂತರು. ಕಣ್ಣಲ್ಲಿ ನೀರು. ವಿಠ್ಠಲಣ್ಣ ನನ್ನನ್ನು ನೋಡಿದ ನೋಟ ಇಲ್ಲಿ ಬರೆಯುವಂಥದ್ದಲ್ಲ. ಇದಕ್ಕಿಂತ ಹಗುರದ್ದು ಅಮೆರಿಕದಲ್ಲೇ ಸಿಗುವುದಿಲ್ಲ ಎಂದು ನಾನು ತೊದಲಿದೆ.

“ಹಗುರ ಅಲ್ಲೋ ತಮ್ಮಾ,” ಎಂದರು ಅಕ್ಕ. “ಹಗೂರ. ಹಗೂರಕ ಬಡೀಬೇಕು.”

ಅವರ ಕಡೆ ಹಗೂರಕ ಎಂದರೆ ನಿಧಾನವಾಗಿ, ಮೆತ್ತಗೆ. ನಾನು ತೂಕ ಇಳಿಸಿದಷ್ಟೂ ಪೆಟ್ಟು ಏರಿಸಿದ್ದೆ. ಗುಂಡು ಅದೇ, ಮದ್ದು ಅದೇ. ಬಂದೂಕು ಹಗುರವಾದರೆ ಒದೆತವೆಲ್ಲ ಭುಜಕ್ಕೆ. ಭಾರವಾದದ್ದು ಅದರಲ್ಲಿ ಬಹುಪಾಲನ್ನು ತಾನೇ ನುಂಗಿಕೊಳ್ಳುತ್ತದೆ. ಇಂಜಿನಿಯರಿಂಗಿನಲ್ಲಿ ಇದೇ ಲೆಕ್ಕಕ್ಕೆ ಪೂರಾ ಅಂಕ ತೆಗೆದ ಮಹಾನುಭಾವ ನಾನು.

ರೇಂಜಿನಲ್ಲಿ ಬಾಡಿಗೆಗೆ ಸಿಗುವ ಭಾರದ ರೈಫಲ್ ತರಿಸಿದೆವು. ದುರ್ಬೀನು ಸೇರಿ ನಾಲ್ಕು ಕೇಜಿಗೂ ಮಿಗಿಲು. ಮೇಜಿಗೆ ಆನಿಸಿಕೊಂಡು ಹಾರಿಸಿದ ಅಕ್ಕ ಕೂಡಲೇ ಇನ್ನೊಂದು ಹಾರಿಸಿದರು. ಇದು ಹಗೂರ ಐತಿ ಎಂದು ನಕ್ಕರು. ಆದರೆ ಎತ್ತಿಕೊಂಡು ನಡೆಯಲು ಹೋದವರು ನಾಲ್ಕೇ ಹೆಜ್ಜೆಗೆ ಅದನ್ನು ಮತ್ತೆ ಮೇಜಿಗಿಟ್ಟರು. ಬೇಟೆಯೆಂದರೆ ಹೊಡೆಯುವುದಕ್ಕಿಂತ ಹೊರುವುದೇ ಹೆಚ್ಚು ಎಂದು ನನಗೆ ಅಂದೇ ಗೊತ್ತಾದದ್ದು.

“ಮತ್ತ ಇದನ್ನ ಹೊರಾವ್ರು ಯಾರು?” ಎಂದರು ವಿಠ್ಠಲಣ್ಣ.

ಆದರೂ ಅಕ್ಕ ಅಂಥದ್ದೇ ಒಂದನ್ನು ಕೊಂಡರು.

ಸೀಸನ್ನಿನ ಮೊದಲ ಬೆಳಗ್ಗೆ ಕುತೂಹಲ ತಡೆಯಲಾರದೆ ನಾನೂ ಹೋಗಿದ್ದೆ, ಕಾಫಿ ಫ್ಲಾಸ್ಕು ಹೊರುವ ಹುದ್ದೆಯಲ್ಲಿ. ಫಾರ್ಮಿನ ಗೇಟಿನಿಂದ ಮರೆಯವರೆಗೆ ಸೆಗಣಿ ಬಿದ್ದ ಹುಲ್ಲಿನ ದೊಡ್ಡ ಬಯಲು. ಅಕ್ಕ ಟ್ರಕ್ಕಿಳಿದು ಬಂದೂಕಿಗೆ ಎಡಗೈ ಚಾಚಿದರು. ಅಷ್ಟರಲ್ಲಿ ಆ ಕಡೆಯ ಬಾಗಿಲು ತೆರೆಯಿತು. ಯಾವತ್ತೂ ಸೀಟು ಬಿಟ್ಟೇಳದ ವಿಠ್ಠಲಣ್ಣ ಇಳಿದು ಬಂದು, ರೈಫಲ್ಲಿನ ಪಟ್ಟಿಯನ್ನು ತಮ್ಮ ಹೆಗಲಿಗೆ ಏರಿಸಿಕೊಂಡರು.

“ನಡಿ. ಹಗೂರಕ ನಡಿ,” ಎಂದರು.

ಇಬ್ಬರ ಹಿಂದೆ ನಾನು ಫ್ಲಾಸ್ಕು ಹಿಡಿದುಕೊಂಡು ನಡೆದೆ. ಬಿಸಿಲೇರುವ ಹೊತ್ತಿಗೆ ಒಂದೇ ಗುಂಡಿನ ಸದ್ದು. ನಾನು ಮುಖ ತಿರುಗಿಸಿದ್ದೆ. ವಿಠ್ಠಲಣ್ಣ ಜಿಂಕೆ ಬಿತ್ತೋ ಇಲ್ಲವೋ ಕೇಳಲಿಲ್ಲ, ಭುಜ ಹೇಗಿದೆ ಎಂದು ಕೇಳಿದರು.

ಇವತ್ತು ಸೂಟ್‌ಕೇಸನ್ನು ತಕ್ಕಡಿಯಿಂದ ಇಳಿಸುವಷ್ಟರಲ್ಲಿ ಗೆಳೆಯನೊಬ್ಬನ ಫೋನ್. ಡ್ಯಾಲಸ್ ಪಕ್ಕದ ಪ್ರಾಸ್ಪರ್‌ನಲ್ಲಿ ಹೊಸ ಮನೆ ಕೊಂಡವನು, ಈಗ ಆಫೀಸಿನವರ ಸಹವಾಸದಿಂದ ಬೇಟೆಗೆ ಹೊರಟಿದ್ದಾನೆ. ನೀನು ಇದರಲ್ಲಿ ಎಕ್ಸ್‌ಪರ್ಟ್ ಅಂತೆ, ಎಷ್ಟು ತೂಕದ ರೈಫಲ್ ತಗೊಳ್ಳಲಿ ಎಂದ. ಹಿಂದಿನ ನಾನಾಗಿದ್ದರೆ ಗ್ರಾಂ ಲೆಕ್ಕದಲ್ಲಿ ಹೇಳಿಬಿಡುತ್ತಿದ್ದೆ.

“ಅದಿರಲಿ,” ಎಂದೆ. “ನಿನ್ ಜೊತೆ ಯಾರ್ ಬರ್ತಾರೆ?”