ಹುರುಳಿಯ ರಸ್ತೆ, ಹಿಮದ ರಸ್ತೆ

ನಲವತ್ತು ದಾಟಿದ ಗಣಿತದ ಮೇಡಂ ಒಬ್ಬರು ಶಾಲೆ ಬಿಟ್ಟ ಮೇಲೆ ಸೈಬರ್ ಸೆಂಟರಿಗೆ ಹೋಗಿ ಕಾರು ಓಡಿಸುವ ಆಟ ಆಡುತ್ತಾರೆ ಎಂಬ ಸುದ್ದಿಯನ್ನು ಹೊಳೆನರಸೀಪುರದಂಥ ಊರಿನಲ್ಲಿ ಎಷ್ಟು ದಿನ ಮುಚ್ಚಿಡಲು ಸಾಧ್ಯ? ಬಸ್ ಸ್ಟ್ಯಾಂಡಿನಿಂದ ಕೋಟೆ ಬೀದಿ ತಲುಪುವಷ್ಟರಲ್ಲಿ ಅದಕ್ಕೆ ಕೈಕಾಲು ಬಂದಿತ್ತು. ತಲೆ ಕೆಟ್ಟಿದೆ ಎಂದವರು ಕೆಲವರು, ಗಂಡನ ಜೊತೆ ಸರಿಯಿಲ್ಲ ಎಂದವರು ಕೆಲವರು. ನನ್ನನ್ನು ಕೇಳಿದವರಿಗೆ, "ನಿಮ್ಮ ಮನೆಯ ಸೊಪ್ಪು ಸೋಸಿ ಆಯಿತೇ?" ಎಂದು ಕೇಳಿ ಕಳಿಸುತ್ತಿದ್ದೆ. ಈಗ ಅವಳ ಅತ್ತೆಯೂ ಇಲ್ಲ, ಆ ಸೈಬರ್ ಸೆಂಟರೂ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಲು ಅಡ್ಡಿಯಿಲ್ಲ.

ಕನಕಲಕ್ಷ್ಮಿ ಮತ್ತು ನಾನು ಒಂದೇ ಹೈಸ್ಕೂಲಿನಲ್ಲಿದ್ದೆವು. ಅವಳು ಗಣಿತ, ನಾನು ಕನ್ನಡ. ಅರಕಲಗೂಡಿನಲ್ಲಿ ಹುಟ್ಟಿ ಇಲ್ಲಿಗೆ ಸೊಸೆಯಾಗಿ ಬಂದವಳು. ಅವಳ ಸ್ವಭಾವ ಹೇಗೆಂದರೆ, ಜೋಕು ಹೇಳಿದರೆ ನಗುವ ಮೊದಲು "ಯಾಕೆ?" ಎಂದು ಕೇಳುತ್ತಿದ್ದಳು. ಉತ್ತರ ಸರಿಯಿದ್ದರೂ ಲೆಕ್ಕದ ಕ್ರಮ ಬರೆಯದ ಹುಡುಗರಿಗೆ ಸೊನ್ನೆ ಕೊಡುತ್ತಿದ್ದಳು. "ಎಲ್ಲಿಂದ ಬಂತೋ ಇದು? ಆಕಾಶದಿಂದ ಬಿತ್ತಾ?" ಎಂದು ಉತ್ತರಪತ್ರಿಕೆ ಹಿಡಿದು ಕೇಳುವಾಗ ಹುಡುಗರ ಜೊತೆ ನನಗೂ ನಡುಕ ಬರುತ್ತಿತ್ತು.

ಅವಳ ಗಂಡ ನಂಜುಂಡಯ್ಯ ತಾಲ್ಲೂಕು ಕಚೇರಿಯಲ್ಲಿದ್ದರು. ಒಳ್ಳೆಯ ಮನುಷ್ಯ, ಆದರೆ ಸೈಕಲ್ಲಿಗಿಂತ ದೊಡ್ಡ ವಾಹನ ಕಂಡರೆ ಹೆದರಿಕೆ. ಅವರು ಹಳೆಯ ಮಾರುತಿ ಕಾರೊಂದನ್ನು ಕೊಂಡಾಗ, ಅದನ್ನು ಓಡಿಸುವವರು ಯಾರೆಂದು ಮನೆಯಲ್ಲಿ ಯಾರೂ ಯೋಚಿಸಿರಲಿಲ್ಲ. ಕನಕಲಕ್ಷ್ಮಿ ಒಂದು ದಸರಾ ರಜೆಯಲ್ಲಿ ದಿನಾ ಬಸ್ಸಿನಲ್ಲಿ ಹಾಸನಕ್ಕೆ ಹೋಗಿ ಡ್ರೈವಿಂಗ್ ಕಲಿತು ಬಂದಳು. ಕೋಟೆ ಬೀದಿಯಲ್ಲಿ ಕಾರು ಓಡಿಸಿದ ಮೊದಲ ಹೆಂಗಸು ಅವಳೇ. ಅತ್ತೆ ಕಾಮಾಕ್ಷಮ್ಮನವರಿಗೆ ಅದು ಎಷ್ಟು ಹೆಮ್ಮೆಯೆಂದರೆ, ನಾಲ್ಕು ಮನೆಯಾಚೆ ಅರಿಶಿನ ಕುಂಕುಮಕ್ಕೂ ಕಾರಿನಲ್ಲೇ ಹೋಗುತ್ತಿದ್ದರು, ಅದೂ ಮುಂದಿನ ಸೀಟಿನಲ್ಲಿ ಕೂತು.

2005ರ ಸಂಕ್ರಾಂತಿ ಕಳೆದು ಕೆಲವು ದಿನಗಳಾಗಿದ್ದವು. ಕಾಮಾಕ್ಷಮ್ಮನವರ ಅಕ್ಕ ಇದ್ದದ್ದು ನುಗ್ಗೇಹಳ್ಳಿಯಲ್ಲಿ. ಅವರನ್ನು ನೋಡಲು ಮೂವರೂ ಹೊರಟರು. ಕನಕಲಕ್ಷ್ಮಿ ಸ್ಟೇರಿಂಗಿನ ಹಿಂದೆ, ಪಕ್ಕದಲ್ಲಿ ಅತ್ತೆ, ಹಿಂದಿನ ಸೀಟಿನಲ್ಲಿ ನಂಜುಂಡಯ್ಯನವರ ಗೊರಕೆ. ದಂಡಿಗನಹಳ್ಳಿ ದಾಟಿದ ಮೇಲೆ ಒಂದು ತಿರುವಿನಲ್ಲಿ ರಸ್ತೆ ತುಂಬ ಹುರುಳಿ ಹರಡಿತ್ತು. ನಮ್ಮ ಕಡೆ ಕಣ ಮಾಡುವ ಕಾಲ ಹೋಗಿ ಬಹಳ ವರ್ಷವಾಯಿತು. ಹುರುಳಿ ಕಿತ್ತವರು ಅದನ್ನು ಟಾರು ರಸ್ತೆಯ ಮೇಲೆ ಹಾಸಿಬಿಡುತ್ತಾರೆ, ಓಡಾಡುವ ಬಸ್ಸು ಲಾರಿಗಳು ತುಳಿದು ಕಾಳು ಬಿಡಿಸಿಕೊಡುತ್ತವೆ. ರಸ್ತೆ ಸರ್ಕಾರದ್ದು, ಬಸ್ಸು ಸರ್ಕಾರದ್ದು, ಕಾಳು ಮಾತ್ರ ನಮ್ಮದು. ಆದರೆ ಒಣಗಿದ ಹುರುಳಿ ಬಳ್ಳಿಯ ಮೇಲೆ ಸಣ್ಣ ಕಾರು ಎಣ್ಣೆ ಸುರಿದ ಕಲ್ಲಿನ ಮೇಲೆ ಹೋದ ಹಾಗೆ ಜಾರುತ್ತದೆ.

ಕಾರು ಜಾರಿತು, ಬಂದ ದಾರಿಯ ಕಡೆಗೇ ಮುಖ ತಿರುಗಿಸಿತು, ಹಿಂದಿನ ಚಕ್ರ ಚರಂಡಿಗೆ ಇಳಿಯಿತು. ಮೊಳದಾಚೆ ಹುಣಸೇಮರ. ಯಾರಿಗೂ ಏನೂ ಆಗಲಿಲ್ಲ. ಹುರುಳಿಯ ಒಡೆಯ ಬೋರಪ್ಪ, ಅವನ ಹೆಂಡತಿ ಲಕ್ಕಮ್ಮ ಓಡಿ ಬಂದರು.

"ಬಿರೇಕ್ ಒತ್ಬುಟ್ರೇನವ್ವಾ? ಉಳ್ಳಿ ಮ್ಯಾಲೆ ಬಿರೇಕ್ ಒತ್ತುದ್ರೆ ದ್ಯಾವ್ರು ಬಂದ್ರೂ ನಿಲ್ಸಕ್ಕಾಗಕಿಲ್ಲ ಕಣವ್ವಾ" ಎಂದ ಬೋರಪ್ಪ.

"ಸುಮ್ಕಿರು. ಜೀವ ಉಳೀತಲ್ಲ, ಅಷ್ಟೇ ಸಾಕು. ನೀರು ಕುಡೀರವ್ವಾ" ಎಂದು ಲಕ್ಕಮ್ಮ ಚೊಂಬು ಹಿಡಿದಳು.

ಕಾಮಾಕ್ಷಮ್ಮನವರು, "ಬ್ರೇಕೂ ಇಲ್ಲ, ಏನೂ ಇಲ್ಲ. ಸ್ಟೇರಿಂಗೇ ಬಿಟ್ಬಿಟ್ಳು ಕಣಪ್ಪಾ. ಕಣ್ಣಾರೆ ನೋಡ್ದೆ" ಎಂದರು.

ಆ ಗಾಬರಿಯಲ್ಲಿ ಒಮ್ಮೆ ಅಂದದ್ದೇ. ಆಮೇಲೆ ಅವರು ಆ ಮಾತನ್ನು ಮತ್ತೆ ಎತ್ತಲಿಲ್ಲ. ಸೊಸೆಯೇ ಕೆದಕಿದರೂ "ಹೋಗ್ಲಿ ಬಿಡೇ, ಆಗಿದ್ದಾಯ್ತು" ಎನ್ನುತ್ತಿದ್ದರು. ಆದರೆ ಕನಕಲಕ್ಷ್ಮಿಗೆ ಹೋಗಲಿ ಬಿಡಲು ಬರುವುದಿಲ್ಲ. ಕಾರು ಜಾರತೊಡಗಿದ ಮೇಲಿನದ್ದರಲ್ಲಿ ಅವಳಿಗೆ ನೆನಪಿದ್ದದ್ದು ಎರಡೇ: ಪಕ್ಕದಿಂದ ಬಂದ ಹುಣಸೇಮರ, ಕಾರು ನಿಂತಾಗ ತೊಡೆಯ ಮೇಲಿದ್ದ ತನ್ನ ಕೈಗಳು. ನಡುವೆ ಏನಾಯಿತೆಂದು ಎಷ್ಟು ಯೋಚಿಸಿದರೂ ಹೊಳೆಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ತೆರೆದಿಟ್ಟುಕೊಂಡು ತಿನ್ನದೆ ಕೂತಿದ್ದಳು. "ಮೈತ್ರೇಯಿ, ನಾನು ಬಿಟ್ಟೆನಾ? ಪ್ರಾಣ ಹೋಗೋ ಹೊತ್ತಲ್ಲಿ ಪಕ್ಕದಲ್ಲಿರೋ ಮುದುಕಿನ, ಹಿಂದೆ ಮಲಗಿರೋ ಗಂಡನ್ನ ಮರೆತು ಕೈ ಎತ್ತಿಬಿಡೋ ಅಂಥವಳಾ ನಾನು?" ಎಂದಳು. ನನಗೆ ಅಳು ಬಂತು, ಬಂದ ಅಳುವಿಗೆ ಸಿಟ್ಟೂ ಬಂತು. "ಹುರುಳಿ ಮೇಲೆ ಜಾರಿದ್ದಕ್ಕೆ ಇಷ್ಟೆಲ್ಲ ವೇದಾಂತ ಯಾಕೆ? ಅನ್ನ ತಿನ್ನು" ಎಂದು ಗದರಿದೆ. ಅವಳು ಮನೆಗೆ ಹೋಗಿ ಕಾರಿನ ಕೀಲಿಯನ್ನು ಗಂಡನ ಪೆಟ್ಟಿಗೆಯಲ್ಲಿಟ್ಟು ಕಾರಿನ ಮೇಲೆ ಹಳೆಯ ಬೆಡ್‌ಶೀಟು ಹೊದಿಸಿದಳು.

ಬಸ್ ಸ್ಟ್ಯಾಂಡಿನ ಹತ್ತಿರ ಸೈಬರ್ ಸೆಂಟರ್ ಇಟ್ಟಿದ್ದವನು ಗೌತಮ್, ನಮ್ಮ ಹಳೆಯ ವಿದ್ಯಾರ್ಥಿ. ಪದವಿ ಮುಗಿಸಿ ಸ್ವಂತ ಅಂಗಡಿ ಹಾಕಿದ್ದ. ಪ್ರಶ್ನೆಪತ್ರಿಕೆಯ ಪ್ರಿಂಟು ತೆಗೆಸಲು ನಾವಿಬ್ಬರೂ ಅಲ್ಲಿಗೆ ಹೋದಾಗ ಮೂಲೆಯ ಕಂಪ್ಯೂಟರಿನಲ್ಲಿ ಯಾರೋ ಕಾರು ಓಡಿಸುವ ರ‍್ಯಾಲಿ ಆಟ ಆಡುತ್ತಿದ್ದರು. ಪರದೆಯ ತುಂಬ ಬಿಳಿಯ ರಸ್ತೆ, ಅದರ ಮೇಲೆ ಕಾರು ಅಡ್ಡಡ್ಡ ಜಾರುತ್ತಿತ್ತು. ಕನಕಲಕ್ಷ್ಮಿ ನಿಂತಲ್ಲೇ ನಿಂತಳು.

"ಇದು ಹುರುಳಿ" ಎಂದಳು.

"ಅಲ್ಲ ಮಿಸ್, ಸ್ನೋ. ಫಾರಿನ್ ರೋಡು. ಥೇಟ್ ಒರಿಜಿನಲ್ ಥರಾನೇ ಇರುತ್ತೆ ಕಣ್ ಮಿಸ್, ಬನ್ನಿ ಕೂತ್ಕಳಿ" ಎಂದ ಗೌತಮ್.

ಅಲ್ಲಿಂದ ಶುರುವಾಯಿತು. ಅವಳ ತರ್ಕ ಸರಳವಾಗಿತ್ತು. ಕಾರನ್ನು ಮತ್ತೆ ಮತ್ತೆ ಜಾರಿಸಬೇಕು, ಜಾರಿದಾಗ ತನ್ನ ಕೈ ಏನು ಮಾಡುತ್ತದೆಂದು ಬೇರೊಬ್ಬರು ನೋಡಬೇಕು. ಆ ಬೇರೊಬ್ಬರು ನಾನು. ಪರದೆ ನೋಡುವ ಹಾಗಿಲ್ಲ, ಅವಳ ಕೈಯನ್ನೇ ನೋಡುತ್ತಿರಬೇಕು. ಜೊತೆಗೆ, ತಿರುವು ಬಂದಾಗ ಅವಳ ಅತ್ತೆಯ ಹಾಗೆ "ಅಯ್ಯೋ ರಾಮ!" ಎಂದು ಕಿರುಚಬೇಕು. ಇಂಟರ್ನೆಟ್ಟಿನಲ್ಲಿ ಫಲಿತಾಂಶ ನೋಡಲು ಬಂದವರ ಎದುರಿಗೆ ನಾನು ಕಿರುಚಿದೆ. ಸ್ನೇಹ ಎಂದರೆ ಇಷ್ಟೆಲ್ಲ ಇರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.

ಮೊದಲ ಆಟ ಅವಳಿಗೆ ಹಿಡಿಸಲಿಲ್ಲ. ಎಷ್ಟು ಜೋರಾಗಿ ತಿರುಗಿಸಿದರೂ ಕಾರು ಬೀಳುತ್ತಿರಲಿಲ್ಲ, ಬಂಡೆಗೆ ಗುದ್ದಿ ಏನೂ ಆಗದ ಹಾಗೆ ಓಡುತ್ತಿತ್ತು. "ಇದು ಕಾರಲ್ಲ ಗೌತಮ್, ರಬ್ಬರ್ ಚೆಂಡು" ಎಂದಳು. ಕಂಪ್ಯೂಟರಿಗೆ ಜೋಡಿಸಿದ್ದ ಪ್ಲಾಸ್ಟಿಕ್ಕಿನ ಸ್ಟೇರಿಂಗು ಒಳಗಿನ ಸ್ಪ್ರಿಂಗಿನಿಂದ ಸುಮ್ಮನೆ ನಡುಮಧ್ಯಕ್ಕೆ ಬಂದು ನಿಲ್ಲುತ್ತಿತ್ತು, ಅಷ್ಟೇ. "ಸೊಂಟಕ್ಕೆ ಏನೂ ಗೊತ್ತಾಗಲ್ವಲ್ಲೇ. ಅವತ್ತು ಜಾರ್ತಾ ಇದೆ ಅಂತ ಮೊದಲು ಗೊತ್ತಾಗಿದ್ದು ಸೊಂಟಕ್ಕೆ. ಕಣ್ಣಿಗೆ ಆಮೇಲೆ" ಎಂದು ನನ್ನ ಮೇಲೆ ರೇಗಿದಳು, ಆಟ ಮಾಡಿದವಳು ನಾನೇ ಎನ್ನುವ ಹಾಗೆ. ಅವಳ ಕೈ ಮಾತ್ರ ಒಮ್ಮೆಯೂ ಸ್ಟೇರಿಂಗ್ ಬಿಡಲಿಲ್ಲ. ಅದನ್ನು ಹೇಳಿದರೆ ಮನೆಯಲ್ಲಿ ನಂಜುಂಡಯ್ಯನವರು, "ಅಲ್ಲಿ ಸಾಯೋ ಭಯ ಇಲ್ಲವಲ್ಲ, ಬಿಡೋದ್ಯಾಕೆ?" ಎಂದು ಒಂದೇ ಮಾತಿನಲ್ಲಿ ಎಲ್ಲವನ್ನೂ ಹಾಳುಮಾಡಿದರು.

ಮಳೆಗಾಲ ಮುಗಿಯುವ ಹೊತ್ತಿಗೆ ಗೌತಮ್ ಹೊಸ ಆಟ, ಹೊಸ ಸ್ಟೇರಿಂಗ್ ತರಿಸಿದ. ಅದರೊಳಗೆ ಮೋಟರಿತ್ತು. ಜಲ್ಲಿ ರಸ್ತೆಯಲ್ಲಿ ಅದು ನಡುಗುತ್ತಿತ್ತು, ಗುಂಡಿಗೆ ಬಿದ್ದರೆ ಒದೆಯುತ್ತಿತ್ತು, ಹಗ್ಗ ಕಟ್ಟಿದ ಕರು ಎಳೆದಾಡುವ ಹಾಗೆ ಕೈಯನ್ನು ಎಳೆಯುತ್ತಿತ್ತು. ಹಿಮದ ರಸ್ತೆಗೆ ಬಂದ ಕೂಡಲೇ ಇದ್ದಕ್ಕಿದ್ದಂತೆ ಹಗುರವಾಯಿತಂತೆ, ಕೆಳಗೆ ಚಕ್ರವೇ ಇಲ್ಲವೇನೋ ಎನ್ನುವಷ್ಟು. ಕನಕಲಕ್ಷ್ಮಿಯ ಮುಖ ಬಿಳಿಚಿಕೊಂಡಿತು.

"ಇದೇ ಕಣೇ. ಅವತ್ತು ಹೀಗೇ ಆಯ್ತು" ಎಂದಳು ಮೆಲ್ಲಗೆ. ಗಟ್ಟಿಯಾಗಿ ಹಿಡಿದಳು. ಕಾರು ಗಿರ್ರನೆ ತಿರುಗಿ ಬಂದ ದಾರಿಗೆ ಮುಖ ಮಾಡಿತು. ಮತ್ತೆ ಹಿಡಿದಳು, ಮತ್ತೆ ತಿರುಗಿತು.

"ಬಿಗಿಯಾಗಿ ಹಿಡೀಬೇಡಿ ಮಿಸ್. ಸಡಿಲ ಬುಡಿ. ಅದೇ ತಿರುಕ್ಕತ್ತದೆ ನೋಡಿ" ಎಂದ ಗೌತಮ್.

ಅವಳು ಕೈ ಸಡಿಲಿಸಿದಳು. ಸ್ಟೇರಿಂಗು ಅವಳ ಅಂಗೈಯಡಿ ತಾನೇ ಸರ್ರನೆ ಸುತ್ತಿತು, ಕಾರು ಎರಡು ಸಲ ಓಲಾಡಿ ನೆಟ್ಟಗಾಯಿತು. ನಾನು ಚಪ್ಪಾಳೆ ತಟ್ಟಿದೆ. ಅವಳು ನನ್ನನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿದಳು.

"ಖುಷಿ ಪಡೋಕೆ ಏನಿದೆ ಇದರಲ್ಲಿ? ಯೋಚನೆ ಮಾಡು. ಬಿಟ್ಟರೆ ನೆಟ್ಟಗಾಗುತ್ತೆ, ಹಿಡಿದರೆ ತಿರುಗುತ್ತೆ. ಅವತ್ತು ಕಾರು ತಿರುಗಿತು. ಅಂದ್ಮೇಲೆ ನಾನು ಹಿಡಿದಿದ್ದೆ. ಆದ್ರೆ ಬಿಟ್ಟಿದ್ದನ್ನ ಅಮ್ಮ ನೋಡಿದಾರೆ. ಕೈ ತೊಡೆ ಮೇಲಿತ್ತು, ಅದು ನನಗೇ ಗೊತ್ತು. ಹಾಗಾದ್ರೆ ಈ ಆಟ ಸುಳ್ಳಾ, ಅಮ್ಮ ಸುಳ್ಳಾ?"

ಗೌತಮ್ ತಲೆ ಕೆರೆದುಕೊಂಡ. "ಎಷ್ಟಾದ್ರೂ ಕಂಪ್ಯೂಟರ್ ಲೆಕ್ಕ ಅಲ್ವಾ ಮಿಸ್. ನಮ್ ರೋಡಲ್ಲೂ ಇಂಗೇ ಆಯ್ತದೆ ಅಂತ ಹೆಂಗೇಳದು?"

ಕಾಮಾಕ್ಷಮ್ಮನವರು ಸುಳ್ಳು ಹೇಳುವವರಲ್ಲ. ಬಂದ ನೆಂಟರ ಎದುರಿಗೇ "ಸಾರಿಗೆ ಉಪ್ಪಿಲ್ಲ" ಎನ್ನುವ ಹೆಂಗಸು. ಅತ್ತೆಯನ್ನು ನಂಬಿದರೆ ಆಟ ಸುಳ್ಳು, ಆಟವನ್ನು ನಂಬಿದರೆ ಅತ್ತೆ ಸುಳ್ಳು. ಎರಡೂ ನಿಜವಾಗಿರಲು ದಾರಿ ಕಾಣದೆ ಕನಕಲಕ್ಷ್ಮಿ ಸೊರಗಿದಳು. ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತಾ ಅರ್ಧಕ್ಕೆ ನಿಲ್ಲಿಸಿ ತನ್ನ ಕೈ ನೋಡಿಕೊಳ್ಳುತ್ತಾಳೆಂದು ಹುಡುಗಿಯರು ಬಂದು ನನಗೆ ಹೇಳಿದರು. ನನಗೆ ನಿಜಕ್ಕೂ ಭಯವಾಯಿತು. ಆಟಕ್ಕೆ ಕಳಿಸಬಾರದಿತ್ತು ಎನಿಸಿತು, ತಡೆದರೆ ಇನ್ನೂ ಕೆಡುತ್ತಾಳೆ ಎಂದೂ ಎನಿಸಿತು.

ಮರುವರ್ಷ ಮತ್ತೆ ಸಂಕ್ರಾಂತಿ ಕಳೆಯಿತು. ಒಂದು ಭಾನುವಾರ ಬೆಳಗ್ಗೆ ಅವಳು ಬೆಡ್‌ಶೀಟು ಎಳೆದು ಕಾರು ಹೊರಗೆ ತೆಗೆದಳು. ನನ್ನೊಬ್ಬಳನ್ನೇ ಕರೆದುಕೊಂಡು ಹೋಗುವುದೆಂದು ಅವಳ ಯೋಚನೆ. ಆದರೆ ಎಂಜಿನ್ ಸದ್ದು ಕೇಳಿದ್ದೇ ತಡ, ಕಾಮಾಕ್ಷಮ್ಮನವರು ಸೀರೆ ಬದಲಿಸಿ ಬಂದು ಮುಂದಿನ ಸೀಟಿನಲ್ಲಿ ಕೂತರು. "ನುಗ್ಗೇಹಳ್ಳಿಗೆ ತಾನೇ? ಅಕ್ಕನ್ನ ನೋಡಿ ವರ್ಷವಾಯ್ತು" ಎಂದರು. ನಂಜುಂಡಯ್ಯನವರು ತಮಗೆ ತಲೆನೋವೆಂದು ಒಳಗೆ ಹೋದರು. ಹಿಂದಿನ ಸೀಟಿಗೆ ನನ್ನನ್ನು ದೂಡಿ ಕನಕಲಕ್ಷ್ಮಿ ಕಿವಿಯಲ್ಲಿ ಹೇಳಿದಳು: "ರಸ್ತೆ ನೋಡಬೇಡ. ಕೈ ನೋಡು."

ದಂಡಿಗನಹಳ್ಳಿ ದಾಟಿತು. ಅದೇ ತಿರುವಿನಲ್ಲಿ ಬೋರಪ್ಪನ ಹುರುಳಿ. ಎದುರಿಗೆ ಬಸ್ಸಿಲ್ಲ, ಲಾರಿಯಿಲ್ಲ. ಅವಳು ನಿಧಾನವಾಗಿಯೇ ಹೋದಳು, ಆದರೂ ಕಾರು ಜಾರಿತು. ಈ ಸಲ ನನ್ನ ಸೊಂಟಕ್ಕೂ ಗೊತ್ತಾಯಿತು. ಕಣ್ಣು ಕೀಳದೆ ಅವಳ ಕೈಯನ್ನೇ ನೋಡಿದೆ. ಅವಳ ಬೆರಳುಗಳು ಸಡಿಲವಾದವು. ಸ್ಟೇರಿಂಗು ಗೌತಮನ ಅಂಗಡಿಯಲ್ಲಿ ಸುತ್ತಿದ ಹಾಗೆಯೇ ತಾನಾಗಿ ಸುತ್ತತೊಡಗಿತು. ಆಗ ಎಡಗಡೆಯಿಂದ, ಹಸಿರು ಗಾಜಿನ ಬಳೆಯ ಎರಡು ಮುದಿ ಕೈಗಳು ಬಂದು ಅದನ್ನು ಗಪ್ಪನೆ ಹಿಡಿದವು. ಅವು ಬಂದು ಬಡಿದ ಹೊಡೆತಕ್ಕೆ ಕನಕಲಕ್ಷ್ಮಿಯ ಕೈಗಳು ಜಾರಿ ತೊಡೆಯ ಮೇಲೆ ಬಿದ್ದವು. ಕಾರು ಸಾವಕಾಶವಾಗಿ ಸುತ್ತಿ ಹೊಳೆನರಸೀಪುರದ ಕಡೆ ಮುಖ ಮಾಡಿ ನಿಂತಿತು.

"ಈ ಸಲಾನೂ ಬಿಟ್ಯಲ್ಲೇ! ನಾನು ಹಿಡ್ಕೊಳ್ದೆ ಹೋಗಿದ್ರೆ ಗತಿಯೇನೇ?" ಎಂದು ಕಾಮಾಕ್ಷಮ್ಮನವರು ಏದುಸಿರು ಬಿಟ್ಟರು.

ಕನಕಲಕ್ಷ್ಮಿ ಅತ್ತೆಯ ಕಡೆ ತಿರುಗಿದಳು. "ಅಮ್ಮ, ಹೋದ ವರ್ಷಾನೂ ಹಿಡ್ಕೊಂಡಿದ್ರಾ?"

"ಹಿಡೀದೆ? ಮರಕ್ಕೆ ಗುದ್ದೋದನ್ನ ತಪ್ಪಿಸಿದ್ದು ಇನ್ಯಾರು?"

"ಮತ್ತೆ ಹೇಳಲೇ ಇಲ್ಲ ನೀವು!"

"ಏನಂತ ಹೇಳ್ಲಿ? ಸೊಸೆ ಕೈಲಾಗಲಿಲ್ಲ, ಎಪ್ಪತ್ತು ವರ್ಷದ ಮುದುಕಿ ಕಾರು ಹಿಡಿದು ನಿಲ್ಸಿದ್ಲು ಅಂತ್ಲಾ? ಊರವರು ನಿನ್ನ ನೋಡಿ ನಗಲ್ವೇನೇ? ನಿನ್ನ ಮರ್ಯಾದೆ ಉಳೀಲಿ ಅಂತ ಬಾಯಿ ಮುಚ್ಕೊಂಡೆ."

ನಾನು ಬಾಯಿ ತೆರೆದೆ. ಒಂದು ವರ್ಷ ಇವಳು ಬೆಂದದ್ದು ನಿಮ್ಮಿಂದ ಎಂದು ಹೇಳಲು ನಾಲಿಗೆಯ ತುದಿಗೆ ಬಂದಿತ್ತು. ಕನ್ನಡಿಯಲ್ಲಿ ಕನಕಲಕ್ಷ್ಮಿ ನನ್ನನ್ನು ನೋಡಿ ಬೇಡವೆಂದು ತಲೆಯಾಡಿಸಿದಳು. ಆಮೇಲೆ ಸ್ಟೇರಿಂಗಿನ ಮೇಲೆ ಹಣೆಯಿಟ್ಟಳು. ಹಾರನ್ ಕೂಗಿತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ನನಗೆ ತಿಳಿಯಲಿಲ್ಲ, ಬಹುಶಃ ಅವಳಿಗೂ ತಿಳಿದಿರಲಿಲ್ಲ.

ಬೋರಪ್ಪ ಓಡಿ ಬಂದು ಕಿಟಕಿಯಲ್ಲಿ ಇಣುಕಿದ. "ಮತ್ತೆ ನೀವೇನಾ ಅವ್ವಾ? ವರ್ಸಾ ವರ್ಸಾ ಇಲ್ಲೇ ಬತ್ತೀರಲ್ಲಾ!"

ಕಾಮಾಕ್ಷಮ್ಮನವರು ಲಕ್ಕಮ್ಮನ ಹತ್ತಿರ ನೀರು ಕುಡಿಯಲು ಇಳಿದಾಗ ಕನಕಲಕ್ಷ್ಮಿ ಹಿಂದೆ ತಿರುಗಿದಳು. "ಯಾವುದು ಮೊದಲು? ನಾನು ಬಿಟ್ಟಿದ್ದಾ, ಅವರು ಹಿಡಿದಿದ್ದಾ?"

"ಈ ಸಲ ನೀನೇ ಮೊದಲು. ಬೇಕೂಂತ ಸಡಿಲ ಬಿಟ್ಟೆ, ನಾನೇ ನೋಡಿದೆ."

"ಹೋದ ಸಲ?"

"ಹೋದ ಸಲದ್ದು ಆ ಹುಣಸೇಮರಕ್ಕೆ ಗೊತ್ತು. ಹೋಗಿ ಕೇಳು" ಎಂದು ಸಿಡುಕಿದೆ.

ಅವಳು ನಿಜವಾಗಿಯೂ ಒಂದು ಕ್ಷಣ ಆ ಮರದ ಕಡೆ ನೋಡಿದಳು. ಮುಖದಲ್ಲಿ ಗೊಂದಲ ಹಾಗೇ ಇತ್ತು. ಆದರೆ ಒಂದು ವರ್ಷದಿಂದ ಅಲ್ಲಿದ್ದ ಹೆದರಿಕೆ ಇರಲಿಲ್ಲ. ಅತ್ತೆ ಬಂದು ಪಕ್ಕದಲ್ಲಿ ಕೂತ ಮೇಲೆ ಅವರ ಕೈಯನ್ನು ತೆಗೆದುಕೊಂಡು ಮಣಿಕಟ್ಟನ್ನು ಒತ್ತಿ ನೋಡಿದಳು.

"ಸ್ಟೇರಿಂಗು ಬಹಳ ಗಡುಸು ಅಮ್ಮ, ನಿಮ್ಮ ಕೈ ಉಳುಕುತ್ತೆ. ಇನ್ನು ಜಾರಿದರೆ ನನ್ನ ಸೆರಗು ಹಿಡ್ಕೊಳ್ಳಿ. ಅಷ್ಟು ಮಾಡಿದರೆ ಸಾಕು, ಕಾರು ನಿಲ್ಲುತ್ತೆ."

"ಹೌದೇ?" ಎಂದರು ಕಾಮಾಕ್ಷಮ್ಮನವರು ಅನುಮಾನದಿಂದ. ಆದರೂ ಸೊಸೆಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಕಾರು ಮತ್ತೆ ನುಗ್ಗೇಹಳ್ಳಿಯ ಕಡೆ ತಿರುಗಿತು. ರಸ್ತೆಯಲ್ಲಿ ಮುಂದೆ ಎಲ್ಲೂ ಹುರುಳಿ ಇರಲಿಲ್ಲ, ಆದರೂ ಅಕ್ಕನ ಮನೆ ಬರುವವರೆಗೂ ಅವರು ಸೆರಗನ್ನು ಹಿಡಿದೇ ಇದ್ದರು.