‘ಯಾರ್ ಕೇಳ್ತಾರ ಬಿಡ್ರಿ’: ಸಿರುಗುಪ್ಪದ ಫಿಲಿಪೀನ್ಸ್ ಸೊಸೆಯ ವೀಸಾ ಪ್ರಕರಣ

2023ರಲ್ಲಿ ನಾನು ಬಳ್ಳಾರಿಯಲ್ಲಿ ವಕೀಲಿ ಮಾಡುತ್ತಿದ್ದೆ. ನಿವೃತ್ತಿಯ ಮಾತನ್ನು ಮನೆಯವರು ಆಗಲೇ ಎತ್ತಿದ್ದರು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ನನ್ನ ಆಫೀಸಿಗೆ ಬರುತ್ತಿದ್ದದ್ದು ಹೆಚ್ಚಾಗಿ ಜಮೀನಿನ ಪಾಲು, ಕಾಲುವೆ ನೀರಿನ ಜಗಳ, ಚೆಕ್ ಬೌನ್ಸ್. ಸಿರುಗುಪ್ಪ, ಕುರುಗೋಡು ಕಡೆಯ ಹುಡುಗರು ಗಲ್ಫ್‌ಗೆ ಹೋಗಿ ಬರುವುದು ಶುರುವಾದ ಮೇಲೆ ಪಾಸ್‌ಪೋರ್ಟು, ವೀಸಾ, ವಿದೇಶಿಯರ ಜೊತೆಗಿನ ಮದುವೆಯ ನೋಂದಣಿ ಇಂಥವೂ ಬರತೊಡಗಿದ್ದವು. ಬೇರೆ ವಕೀಲರು ‘ಅದು ವಕೀಲಮ್ಮನ ಖಾತೆ’ ಎಂದು ನಗುತ್ತ ಅಂಥವರನ್ನು ನನ್ನ ಕಡೆ ದಾಟಿಸುತ್ತಿದ್ದರು. ಹಾಗೆ ದಾಟಿ ಬಂದ ಒಂದು ಕೇಸನ್ನು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಆ ವರ್ಷದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಕೋರ್ಟಿನಿಂದ ಬರುವಷ್ಟರಲ್ಲಿ ಆಫೀಸಿನ ಬೆಂಚಿನ ಮೇಲೆ ಸಿರುಗುಪ್ಪದ ಒಂದು ಕುಟುಂಬ ಕುಳಿತಿತ್ತು. ವೀರೇಶ, ಮೂವತ್ತು ದಾಟಿದವನು, ಮಸ್ಕತ್‌ನಲ್ಲಿ ಕ್ರೇನ್ ನಡೆಸಿ ಬಂದು ಈಗ ರೈಸ್‌ಮಿಲ್ಲುಗಳ ಯಂತ್ರ ರಿಪೇರಿ ಮಾಡುತ್ತಿದ್ದವನು. ಅವನ ತಾಯಿ ಗಂಗಮ್ಮ, ಹಣೆಯ ತುಂಬ ವಿಭೂತಿ, ಮಡಿಲಲ್ಲಿ ಒಂದು ವರ್ಷದ ಮೊಮ್ಮಗಳು. ಪಕ್ಕದಲ್ಲಿ ವೀರೇಶನ ಹೆಂಡತಿ ರೋಸಾ, ಫಿಲಿಪೀನ್ಸ್ ದೇಶದವಳು. ಇಳಕಲ್ ಸೀರೆಯನ್ನು ನನಗಿಂತ ಅಚ್ಚುಕಟ್ಟಾಗಿ ಉಟ್ಟಿದ್ದಳು. ಅತ್ತೆಯ ಬಾಯಲ್ಲಿ ಅವಳು ‘ರೋಜಾ’ ಆಗಿದ್ದಳು.

ಇಬ್ಬರೂ ಮಸ್ಕತ್‌ನಲ್ಲಿ ಪರಿಚಯವಾದವರು. ಅವಳು ಅಲ್ಲಿ ಒಂದು ನರ್ಸರಿ ಶಾಲೆಯಲ್ಲಿ ಟೀಚರಾಗಿದ್ದಳು. ಊರಿಗೆ ಬಂದು ಬಳ್ಳಾರಿಯಲ್ಲಿ ಮದುವೆ ನೋಂದಣಿ ಮಾಡಿಸಿದ್ದರು. ಭಾರತೀಯನನ್ನು ಮದುವೆಯಾದ ವಿದೇಶಿಯರಿಗೆ ಮೊದಲು ಸಿಗುವುದು ಎಂಟ್ರಿ ವೀಸಾ. ಇಲ್ಲಿ ಗಂಡನ ಜೊತೆ ಬದುಕಬಹುದು, ಆದರೆ ಅನುಮತಿ ಪಡೆಯದೆ ಕೆಲಸ ಮಾಡುವಂತಿಲ್ಲ. ನೋಂದಣಿಯಾಗಿ ಎರಡು ವರ್ಷ ಸಂಸಾರ ನಡೆದ ಮೇಲೆ ಒಸಿಐ, ಅಂದರೆ ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡಿಗೆ ಅರ್ಜಿ ಹಾಕಬಹುದು. ಅದು ಕೈಗೆ ಬಂದರೆ ವರ್ಷ ವರ್ಷ ವೀಸಾ ಬೇಡುವ ಕಾಟ ತಪ್ಪುತ್ತದೆ, ಕೆಲಸಕ್ಕೂ ಹೆಚ್ಚಿನ ಅಡ್ಡಿ ಇರುವುದಿಲ್ಲ. ರೋಸಾ ಎರಡು ವರ್ಷ ಕಾದು, ಅರ್ಜಿ ಹಾಕಿ, ಪೊಲೀಸ್ ವಿಚಾರಣೆಯ ಹಂತಕ್ಕೆ ಬಂದಿದ್ದಳು. ಇನ್ನೇನು ಮುಗಿಯಿತು ಅನ್ನುವಾಗ ಕೈಗೆ ಬಂದದ್ದು ನೋಟಿಸು. ವೀಸಾದ ಷರತ್ತು ಮೀರಿ ಕೆಲಸ ಮಾಡಿದ್ದೀರಿ, ನಿಮ್ಮ ಅರ್ಜಿಯನ್ನು ಏಕೆ ತಿರಸ್ಕರಿಸಬಾರದು, ನಿಮ್ಮನ್ನು ಏಕೆ ದೇಶದಿಂದ ಕಳುಹಿಸಬಾರದು ಎಂಬುದು ಅದರ ಸಾರ.

‘ಕೆಲಸ ಮಾಡಿದ್ದು ನಿಜಾನಾ?’ ಎಂದೆ.

‘ಸಾಲಿಗಿ ಹೋಗಿದ್ಳ್ರಿ. ಅದೇನ್ ಕೆಲಸ ಅಲ್ರಿ, ಹುಡುಗ್ರಿಗಿ ನಾಕು ಇಂಗ್ಲಿಷ್ ಕಲಸೋದು,’ ಅಂದಳು ಗಂಗಮ್ಮ.

ನಾನು ತಲೆ ಮೇಲೆ ಕೈ ಹೊತ್ತೆ.

ಆಗಿದ್ದು ಇಷ್ಟು. ಸಿರುಗುಪ್ಪದಲ್ಲಿ ಒಂದು ಖಾಸಗಿ ಶಾಲೆ. ಅದರ ಚೇರ್ಮನ್ ಪಂಪಾಪತಿಯೆಂಬಾತ. ಕುರುಗೋಡಿನಲ್ಲೂ ಅವನದೊಂದು ಬ್ರಾಂಚು. ಮಗುವಿಗೆ ಆರು ತಿಂಗಳಾಗುತ್ತಿದ್ದಂತೆ ಈತ ಮನೆಗೆ ಬಂದು ಕುಂತ. ನಿಮ್ಮ ಸೊಸೆ ಅಷ್ಟು ಓದಿಕೊಂಡಾಕಿ, ಮನೆಯಲ್ಲಿ ಸುಮ್ಮನೆ ಕೂತರೆ ಹೆಂಗೆ, ನಮ್ಮ ಮಕ್ಕಳಿಗೆ ಸ್ಪೋಕನ್ ಇಂಗ್ಲಿಷ್ ಹೇಳಿಕೊಡಲಿ ಎಂದು ಬೆಣ್ಣೆ ಹಚ್ಚಿದ. ರೋಸಾ ತನ್ನ ವೀಸಾ ತಂದು, ಅನುಮತಿಯಿಲ್ಲದೆ ಕೆಲಸ ಮಾಡುವಂತಿಲ್ಲ ಎಂಬ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದಳು. ಪಂಪಾಪತಿ ನಕ್ಕು, ‘ನಿಮಗೇನ್ ಸಂಬಳ ಕೊಡ್ತೀವೇನಮ್ಮಾ? ಗೌರವಧನ ಕೊಡ್ತೀವಿ. ಅದು ಕೆಲಸ ಆಗಂಗಿಲ್ಲ. ಸಿರುಗುಪ್ಪದಾಗ ಇದನ್ನೆಲ್ಲ ಯಾರ್ ಕೇಳ್ತಾರ ಬಿಡ್ರಿ!’ ಅಂದನಂತೆ.

ಗೌರವಧನ! ನಮ್ಮ ಕಡೆ ಈ ಪದಕ್ಕೆ ಎಂಥ ಮಾಯೆ ಇದೆ ನೋಡಿ. ಸಂಬಳ ಅಂದರೆ ಕಾನೂನು ಬರುತ್ತದೆ, ಪಿಎಫ್ ಬರುತ್ತದೆ, ರಜೆ ಬರುತ್ತದೆ. ಗೌರವಧನ ಅಂದರೆ ಕೊಟ್ಟವನು ದೊಡ್ಡ ಮನುಷ್ಯ, ತಗೊಂಡವರು ಋಣದಲ್ಲಿ ಬಿದ್ದವರು. ಈ ಜಿಲ್ಲೆಯ ಎಷ್ಟು ಶಾಲೆಗಳಲ್ಲಿ ಎಷ್ಟು ಹೆಣ್ಣುಮಕ್ಕಳು ಈ ಪದದ ಕೆಳಗೆ ದುಡಿದು ಸುಣ್ಣವಾಗಿದ್ದಾರೋ! ಆದರೆ ವೀಸಾ ಕಾನೂನಿಗೆ ಈ ಮಾಯೆ ಗೊತ್ತಿಲ್ಲ. ದಿನಾ ಬಂದು ಪಾಠ ಮಾಡಿದರೆ ಅದು ಕೆಲಸ. ಕೊಟ್ಟದ್ದಕ್ಕೆ ಏನು ಹೆಸರಿಟ್ಟರೂ ಅದು ಬದಲಾಗುವುದಿಲ್ಲ.

ರೋಸಾ ವಾರವಿಡೀ ಸಿರುಗುಪ್ಪದಲ್ಲಿ ಪಾಠ ಮಾಡಿದಳು. ಶನಿವಾರ ಶಾಲೆಯ ಬಸ್ಸಿನಲ್ಲಿ ಕುರುಗೋಡಿಗೂ ಹೋದಳು. ಪಂಪಾಪತಿ ಸುಮ್ಮನಿರುವ ಆಸಾಮಿಯೇ? ಅಡ್ಮಿಷನ್ ಸಮಯಕ್ಕೆ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಮನೆಯಷ್ಟೆತ್ತರದ ಫ್ಲೆಕ್ಸ್ ಕಟ್ಟಿಸಿದ. ಒಂದು ಕಡೆ ಕೈಮುಗಿದ ಚೇರ್ಮನ್, ಇನ್ನೊಂದು ಕಡೆ ರೋಸಾ. ಕೆಳಗೆ ಕೆಂಪು ಅಕ್ಷರದಲ್ಲಿ ‘ಫಿಲಿಪೀನ್ಸ್ ದೇಶದಿಂದ ನೇರವಾಗಿ ನಿಮ್ಮ ಮಕ್ಕಳ ತರಗತಿಗೆ’. ಬಾದನಹಟ್ಟಿಯಿಂದಲೂ ಹಚ್ಚೊಳ್ಳಿಯಿಂದಲೂ ತಂದೆತಾಯಿ ಬಂದು ಮಕ್ಕಳನ್ನು ಸೇರಿಸಿದರು.

ಮುಂದೆ ಒಸಿಐ ಅರ್ಜಿಯ ವಿಚಾರಣೆಗೆ ಪೊಲೀಸರು ಮನೆಗೆ ಬಂದರು. ಇಂಥ ವಿಚಾರಣೆಯಲ್ಲಿ ಅಕ್ಕಪಕ್ಕದವರನ್ನು ಕೇಳುತ್ತಾರೆ. ಈ ಹೆಣ್ಣುಮಗಳು ಇಲ್ಲೇ ಇದ್ದಾಳಾ, ಗಂಡನ ಜೊತೆ ಸಂಸಾರ ಸರಿಯಾಗಿದೆಯಾ, ಅಷ್ಟೇ. ಬೇರೆ ಊರಾಗಿದ್ದರೆ ‘ಹೂಂ, ಅದಾಳ್ರಿ’ ಎಂದು ಮುಗಿಸುತ್ತಿದ್ದರೇನೋ. ನಮ್ಮವರಿಗೆ ಹೆಮ್ಮೆ ತಡೆಯಲಿಲ್ಲ. ‘ಫಾರಿನ್ ಟೀಚರಾ ಸರ? ಈಗ ಸಾಲ್ಯಾಗ ಅದಾರ. ಬಸ್‌ಸ್ಟ್ಯಾಂಡಿನಾಗ ಫೋಟೋ ನೋಡಿಲ್ಲೇನ್ರಿ? ಬರ್ರಿ, ತೋರಸ್ತೀನಿ!’ ಎಂದು ಪಕ್ಕದ ಮನೆಯವರು ಪೊಲೀಸರನ್ನು ಕರೆದುಕೊಂಡು ಹೋಗಿ ಫ್ಲೆಕ್ಸ್ ತೋರಿಸಿದ್ದರು. ಕೇಡು ಬಗೆದು ಹೇಳಿದ್ದಲ್ಲ, ನಮ್ಮ ಓಣಿಯ ಸೊಸೆ ಎಂಬ ಅಭಿಮಾನದಿಂದ ಹೇಳಿದ್ದು. ಪೊಲೀಸರು ಕಂಡದ್ದನ್ನು ಬರೆದರು. ಅದು ಅವರ ಕೆಲಸ.

ವೀರೇಶ, ರೋಸಾರ ಮಗು ಇಲ್ಲೇ ಹುಟ್ಟಿದ್ದು, ಭಾರತದ ಪ್ರಜೆ. ತಾಯಿ ವಿದೇಶಿ. ತಾಯಿಗೆ ಹೊರಡು ಎಂದರೆ, ಇನ್ನೂ ಎದೆಹಾಲು ಬಿಡದ ಮಗು ಎಲ್ಲಿರಬೇಕು? ಆ ಮಧ್ಯಾಹ್ನ ನನ್ನ ಮುಂದೆ ಇದ್ದದ್ದು ಈ ಒಂದೇ ಪ್ರಶ್ನೆ.

ಮಾರನೆಯ ದಿನವೇ ನಾನು ಸಿರುಗುಪ್ಪಕ್ಕೆ ಹೋಗಿ ಪಂಪಾಪತಿಯನ್ನು ಕಂಡೆ. ಅವಳು ವೀಸಾ ತೋರಿಸಿದ್ದಳು, ಆದರೂ ನಾನೇ ಒತ್ತಾಯ ಮಾಡಿ ಕರೆದೆ ಎಂದು ಬರೆದುಕೊಟ್ಟರೆ ಅವಳ ಮೇಲಿನ ಭಾರ ಸ್ವಲ್ಪವಾದರೂ ಇಳಿಯುತ್ತಿತ್ತು. ಟೀ ತರಿಸಿದ. ಫ್ಲೆಕ್ಸ್ ರಾತ್ರೋರಾತ್ರಿ ತೆಗೆಸಿದ್ದೇನೆ ಎಂದು ಉಪಕಾರ ಮಾಡಿದವನ ಹಾಗೆ ಹೇಳಿದ.

‘ಆಕಿ ಟೈಂಪಾಸಿಗೆ ಬರ್ತಿದ್ಲು ಅಂತ ನೀವಾ ಬರದ್ಬಿಡ್ರಿ ಮೇಡಂ. ನಮ್ಮ ಸಾಲಿ ಹೆಸರು ಯಾಕ ನಡುವ? ನಂಗೂ ಮಾನ್ಯತೆ ಪ್ರಶ್ನೆ ಐತಿ.’

‘ನಿಮಗೆ ಮಾನ್ಯತೆ ಪ್ರಶ್ನೆ, ಆಕೆಗೆ ಮಗೂ ಪ್ರಶ್ನೆ. ಯಾವುದು ದೊಡ್ಡದು ಚೇರ್ಮನ್ನರೇ?’

‘ಇಷ್ಟೆಲ್ಲ ಆಗ್ತೈತಿ ಅಂತ ಯಾರಿಗಿ ಗೊತ್ತಿತ್ರಿ?’

ಅವಳಿಗೆ ಗೊತ್ತಿತ್ತು. ಅವಳು ಹೇಳಿದ್ದಳು. ಇವನೇ ನಕ್ಕಿದ್ದ. ನಾನು ಟೀ ಮುಟ್ಟದೆ ಎದ್ದು ಬಂದೆ. ವಾರದೊಳಗೆ ಈ ಮಹಾಶಯ ಪೊಲೀಸರಿಗೆ ಕೊಟ್ಟ ಉತ್ತರದ ಪ್ರತಿ ನನ್ನ ಕೈಗೆ ಬಂತು. ಸದರಿ ಮಹಿಳೆ ತಾನಾಗಿಯೇ ಶಾಲೆಗೆ ಬರುತ್ತಿದ್ದರು, ಅವರು ವಿದೇಶಿ ಪ್ರಜೆ ಎಂಬುದು ಆಡಳಿತ ಮಂಡಳಿಯ ಗಮನಕ್ಕೆ ಬಂದಿರಲಿಲ್ಲ ಎಂದು ಬರೆದಿದ್ದ! ಮನೆಯಷ್ಟೆತ್ತರದ ಕೆಂಪು ಅಕ್ಷರ ಬರೆಸಿದವನಿಗೆ ಗಮನಕ್ಕೆ ಬಂದಿರಲಿಲ್ಲವಂತೆ. ಮೂವತ್ತು ವರ್ಷದ ವಕೀಲಿಯಲ್ಲಿ ಸುಳ್ಳುಗಳನ್ನು ಬೇಕಾದಷ್ಟು ನೋಡಿದ್ದೇನೆ. ಇಷ್ಟು ನಾಚಿಕೆಗೆಟ್ಟ ಸುಳ್ಳು ಅಪರೂಪ.

ಈಗ ವೀರೇಶ ಹೆದರಿದ. ನಾವೂ ಸುಳ್ಳೇ ಹೇಳೋಣ, ಒಂದು ದಿನ ಅತಿಥಿಯಾಗಿ ಹೋಗಿದ್ದಳು, ಆವತ್ತು ಫೋಟೋ ತೆಗೆದರು ಎನ್ನೋಣ ಎಂದ. ಪಾಪ, ಅವನಿಗೆ ಹೆಂಡತಿ ಉಳಿದರೆ ಸಾಕಿತ್ತು. ನಾನು ಗದರಿದೆ. ಶಾಲೆಯ ತುಂಬ ಮಕ್ಕಳಿದ್ದಾರೆ, ಅವರ ವಾಟ್ಸಾಪಿನ ತುಂಬ ಇವಳ ವಿಡಿಯೋಗಳಿವೆ. ಕೆಲಸ ಮಾಡಿದ್ದು ಒಂದು ತಪ್ಪು, ಅದಕ್ಕೆ ದಾರಿ ಹುಡುಕಬಹುದು. ಸರ್ಕಾರಕ್ಕೆ ಸುಳ್ಳು ಹೇಳಿ ಸಿಕ್ಕಿಬಿದ್ದರೆ ಮುಂದೆ ವೀಸಾ ಸಿಗುವುದೇ ಕಷ್ಟ. ರೋಸಾ ನನ್ನ ಮಾತು ಮುಗಿಯುವ ತನಕ ಕಾಯದೆ ಗಂಡನಿಗೆ, ‘ನಾನು ಖರೇ ಹೇಳ್ತೀನಿ,’ ಅಂದಳು.

ನೋಟಿಸಿನ ಮೇಲೆ ಬಳ್ಳಾರಿಯ ವಿದೇಶಿಯರ ನೋಂದಣಿ ಕಚೇರಿಯಲ್ಲಿ ವಿಚಾರಣೆ ನಡೆಯಿತು. ಅಧಿಕಾರಿ ಸಭ್ಯರು. ಇಂಗ್ಲಿಷಿನಲ್ಲಿ ಕೇಳಿದರು, ಶಾಲೆಯಲ್ಲಿ ಪಾಠ ಮಾಡಿದ್ದು ಹೌದೇ ಎಂದು. ರೋಸಾ ಎದ್ದು ನಿಂತು, ‘ಹೌದ್ರಿ ಸರ. ಮಾಡೀನ್ರಿ. ತಪ್ಪಾತ್ರಿ,’ ಅಂದಳು. ಅವರು ಪೆನ್ನು ಕೆಳಗಿಟ್ಟು ಒಂದು ಗಳಿಗೆ ಅವಳನ್ನೇ ನೋಡಿದರು. ಅಷ್ಟರಲ್ಲಿ, ಯಾರೂ ಕೇಳದೆಯೇ, ಗಂಗಮ್ಮ ಮುಂದೆ ಬಂದಳು.

‘ಸಾಹೇಬ್ರ, ಆಕಿ ಒಲ್ಲೆ ಅಂದಿದ್ಳ್ರಿ. ನಾನಾ ಕಳಿಸಿದ್ದು. ಜಾತಿ ಅಲ್ಲ, ದೇಶ ಅಲ್ಲ, ಎಂಥಾ ಸೊಸಿ ತಂದ್ಯವ್ವಾ ಅಂತ ನಮ್ಮ ಮಂದಿ ಮದುವಿ ದಿನದಿಂದ ಆಡಿಕೊಂಡ್ರು. ಅವರ ಮಕ್ಕಳಿಗೇ ಆಕಿ ಪಾಠ ಹೇಳಾಕ ಹತ್ತಿದ ಮ್ಯಾಲೆ ಎಲ್ಲಾರ ಬಾಯಿ ಮುಚ್ಚಿತ್ರಿ. ಅದ್ಕಾ ಕಳಿಸಿದೆ. ಶಿಕ್ಷಾ ಕೊಡೋದಿದ್ರ ನನಗ ಕೊಡ್ರಿ.’

ಅಧಿಕಾರಿ ಮೆಲ್ಲಗೆ, ‘ಅಮ್ಮಾ, ಕಾನೂನಿನಲ್ಲಿ ಹಾಗೆ ಬರಲ್ಲ,’ ಅಂದರು. ಆದರೂ ಆ ಮಾತನ್ನು ಹೇಳಿಕೆಯಲ್ಲಿ ಬರೆಸಿಕೊಂಡರು.

ಅಂತಿಮ ತೀರ್ಮಾನ ಅವರ ಕೈಯಲ್ಲಿರಲಿಲ್ಲ. ಮೇಲಿನಿಂದ ಆದೇಶ ಬರುವಷ್ಟರಲ್ಲಿ ಮಳೆಗಾಲ ಮುಗಿದು ಭತ್ತ ಕೊಯ್ಲಿಗೆ ಬಂದಿತ್ತು. ಒಸಿಐ ಅರ್ಜಿ ತಿರಸ್ಕೃತ. ವೀಸಾ ಮುಂದುವರಿಸುವುದಿಲ್ಲ, ದೇಶ ಬಿಡಬೇಕು. ತನ್ನ ದೇಶದಿಂದ ಹೊಸದಾಗಿ ವೀಸಾ ಕೇಳಬಹುದು, ಮರಳಿ ಬರಬಾರದೆಂಬ ನಿಷೇಧ ಹಾಕಿಲ್ಲ. ನಿಜ ಹೇಳಿದ್ದರ ಫಲ ಆ ಕೊನೆಯ ಮಾತು ಎಂದು ನಾನು ನಂಬಿದ್ದೇನೆ. ಮಗುವಿನ ಪಾಸ್‌ಪೋರ್ಟ್ ಆಗುವ ತನಕ ಗಡುವು ಕೊಡಿ ಎಂದು ಬೇಡಿಕೊಂಡೆವು. ಕೊಟ್ಟರು.

ಕಾನೂನಿನ ಮೇಲೆ ನನಗೆ ಸಿಟ್ಟಿಲ್ಲ. ಷರತ್ತು ಅಚ್ಚು ಹಾಕಿ ಕೈಗೆ ಕೊಟ್ಟಿದ್ದರು. ನಮ್ಮ ಹುಡುಗರು ಬೇರೆ ದೇಶಕ್ಕೆ ಹೋದಾಗಲೂ ಇದೇ ಷರತ್ತು ಇರುತ್ತದೆ, ಅಲ್ಲಿ ಅವರು ನಡುಗುತ್ತ ಪಾಲಿಸುತ್ತಾರೆ. ನನ್ನ ಸಿಟ್ಟೆಲ್ಲ ಆ ‘ಯಾರ್ ಕೇಳ್ತಾರ ಬಿಡ್ರಿ’ಯ ಮೇಲೆ. ಅದನ್ನು ಹೇಳುವವನು ಯಾವತ್ತೂ ಬೇರೆಯವರ ತಲೆಯನ್ನೇ ಒತ್ತೆ ಇಡುತ್ತಾನೆ. ಕೇಳುವವರು ಬಂದ ದಿನ ಅವನು ಅಲ್ಲಿ ಇರುವುದಿಲ್ಲ. ಪಂಪಾಪತಿಗೆ ಏನಾಯಿತು ಎಂದು ಜನ ಕೇಳುತ್ತಾರೆ. ಒಂದು ಎಚ್ಚರಿಕೆಯ ಪತ್ರ ಬಂತು, ಅಷ್ಟೇ. ಮುಂದಿನ ವರ್ಷ ಅವನ ಶಾಲೆಗೆ ಇನ್ನೊಂದು ಮಹಡಿ ಎದ್ದಿತು.

ಆಮೇಲೆ ನನ್ನ ಬಳಿ ಬಂದ ಇಂಥ ಪ್ರತಿ ಜೋಡಿಗೂ ಒಂದೇ ಮಾತು ಹೇಳಿದ್ದೇನೆ. ಮದುವೆ ಸಾಚಾ ಇದ್ದ ಮಾತ್ರಕ್ಕೆ ಕೆಲಸಕ್ಕೆ ಪರವಾನಗಿ ಸಿಕ್ಕಿತು ಎಂದು ತಿಳಿಯಬೇಡಿ. ಪುಕ್ಕಟೆಯಾಗಲಿ, ಸೇವೆಯಾಗಲಿ, ಯಾರೋ ದೊಡ್ಡವರು ಕರೆದದ್ದಾಗಲಿ, ಮೊದಲು ಅನುಮತಿ ಕೇಳಿ. ಅರ್ಜಿ ಹಾಕಿ ಕಾಯುತ್ತಿರುವ ಕಾಲವೇ ಎಲ್ಲಕ್ಕಿಂತ ಅಪಾಯದ ಕಾಲ, ಯಾಕೆಂದರೆ ಆಗ ಸರ್ಕಾರ ನಿಮ್ಮನ್ನು ನೋಡುತ್ತಿರುತ್ತದೆ. ಇದನ್ನು ಬರೆಯುವ ಹೊತ್ತಿಗೂ ರೋಸಾಳಿಗೆ ಹೊಸ ವೀಸಾ ಬಂದಿಲ್ಲ. ವೀರೇಶ ದಿನಾ ಸಂಜೆ ಮಿಲ್ಲಿನ ಹೊರಗೆ ನಿಂತು ಫೋನಿನಲ್ಲಿ ಮಗಳಿಗೆ ಕನ್ನಡ ಕಲಿಸುತ್ತಾನೆ.

ಗಡುವು ಮುಗಿದು ರೋಸಾ ಮಗುವಿನೊಂದಿಗೆ ತನ್ನ ದೇಶಕ್ಕೆ ಹೊರಡುವಾಗ, ಅವಳ ತಾಯಿ ತೀರಿಹೋಗಿದ್ದರಿಂದ ಮಗುವನ್ನು ನೋಡಿಕೊಳ್ಳಲು ಗಂಗಮ್ಮನೇ ಮೊದಲ ಕೆಲವು ವಾರ ಜೊತೆಗೆ ಹೋಗುವುದೆಂದು ನಿಶ್ಚಯವಾಗಿತ್ತು. ಮಂತ್ರಾಲಯ ಬಿಟ್ಟು ದೂರದ ಊರು ಕಾಣದ ಹೆಂಗಸು. ಅವಳಿಗೂ ಪಾಸ್‌ಪೋರ್ಟಾಯಿತು, ಆ ದೇಶದ ವೀಸಾ ಆಯಿತು. ಹೊರಡುವ ಮುಂಚೆ ಒಂದು ದಿನ ಅವಳೊಬ್ಬಳೇ ಸಿರುಗುಪ್ಪದಿಂದ ಬಸ್ಸು ಹತ್ತಿ ನನ್ನ ಆಫೀಸಿಗೆ ಬಂದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ. ವೀಸಾದ ಕಾಗದವನ್ನು ನನ್ನ ಮುಂದೆ ಬಿಚ್ಚಿ ಹಿಡಿದಳು.

‘ವಕೀಲಮ್ಮ, ಅಲ್ಲಿ ಬೀಗರ ಮನ್ಯಾಗ ನಾ ಎರಡು ರೊಟ್ಟಿ ಬಡದ್ರ, ಅದೂ ಕೆಲಸ ಅಂತ ಹಿಡೀತಾರೇನ್ರಿ? ಇದ್ರಾಗ ಏನು ಬರದೈತಿ, ಒಂಚೂರು ಓದಿ ಹೇಳ್ರಿ. ಮೊದಲಾ ಕೇಳಿಕೊಂಡು ಹೋಗಬೇಕಂತ ಬಂದೀನಿ.’