ಹೊಂಗೆಮರದ ಲ್ಯಾಟಿನ್ ಹೆಸರು

ಆಗೆಲ್ಲ ಭದ್ರಾವತಿಯಲ್ಲಿ ಗುರುತು ಬಿದ್ದ ಮರ ಎಂದರೆ ಕಾರ್ಖಾನೆಯ ಇದ್ದಿಲ ಗೂಡಿಗೆ ಹೋಗುವ ಮರ. ಕಾಡಿನಲ್ಲಿ ಮುದ್ರೆ ಒತ್ತಿಸಿಕೊಂಡವು ದಿಮ್ಮಿಗಳಾಗಿ ಬರುವುದನ್ನು ದಿನವೂ ನೋಡುತ್ತಿದ್ದೆವು. ಹಾಗಾಗಿ ನಮ್ಮ ಹಿತ್ತಲಾಚೆಯ ಹೊಂಗೆಗೆ ಯಾರೋ ತಗಡು ಹೊಡೆದು ಹೋದ ದಿನ ಅಜ್ಜಿ ಊಟ ಬಿಟ್ಟಳು.

ಕಾರಣವಿತ್ತು. ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದ ಅಪ್ಪನಿಗೆ ಕೊಟ್ಟಿದ್ದ ಮನೆಗೆ ಜಿಂಕ್ ಶೀಟಿನ ಮಾಡು. ಬೇಸಿಗೆಯಲ್ಲಿ ಒಳಗೆ ಕೂತರೆ ಅಜ್ಜಿಗೆ ಉಬ್ಬಸ. ಆ ಮರದಡಿ ಚಾಪೆ ಹಾಸಿ, ತಲೆಗೆ ಉದುರಿದ ಹೂ ಕೊಡವಿಕೊಳ್ಳುತ್ತ ಹಗಲು ಕಳೆಯುತ್ತಿದ್ದಳು. ನೆರಳು ಹೋದರೆ ಅವಳು ಹೊಳಲೂರಿನ ದೊಡ್ಡಪ್ಪನ ಮನೆಗೆ ಹೋಗಲೇಬೇಕಿತ್ತು. ನಾನೋ, ಅವಳ ಮಗ್ಗುಲು ಬಿಟ್ಟು ಮಲಗಿದವಳಲ್ಲ.

"ಕಾನ್ವೆಂಟಿನವಳಲ್ವೇನೇ, ಏನ್ ಬರ್ದಿದಾರೆ ಓದು" ಎಂದು ಅಜ್ಜಿ ತಗಡು ತೋರಿಸಿದಳು.

ಓದಿದೆ: ಪೊಂಗಾಮಿಯಾ ಗ್ಲಾಬ್ರ. ಮರುದಿನ ಶಿವಮೊಗ್ಗದ ಶಾಲೆಯಲ್ಲಿ ಸಿಸ್ಟರನ್ನು ಕೇಳಿದೆ. "ಲ್ಯಾಟಿನ್. ಮೊದಲನೆಯದು ಕುಲ, ಎರಡನೆಯದು ಅದರೊಳಗಿನ ಬಗೆ. ಗ್ಲಾಬ್ರ ಎಂದರೆ ರೋಮವಿಲ್ಲದ್ದು, ನುಣುಪು" ಎಂದರು. ರೈಲಿಳಿದವಳೇ ಓಡಿಬಂದು ಅಜ್ಜಿಗೆ ಒಪ್ಪಿಸಿದೆ.

"ನುಣುಪೋ? ಕಡಿಯೋರು ನುಣುಪು ನೋಡೇ ಆರ್ಸೋದು."

"ಎಲೆ ನುಣುಪಂತೆ ಅಜ್ಜಿ. ಬರೀ ಹೆಸರು."

"ಅಯ್ಯೋ ಮಾರಾಯ್ತಿ, ಕುಲ ವಿಚಾರ್ಸೋರು ಸುಮ್ನೆ ಹೋಗ್ತಾರಾ? ಹೆಣ್ಣು ಕರ್ಕೊಂಡೇ ಹೋಗೋದು!"

ನನಗೂ ಅನುಮಾನ ಹತ್ತಿತು. ಪಕ್ಕದಲ್ಲಿ ಇನ್ನೆರಡು ಹೊಂಗೆಗಳಿದ್ದವು, ಅವಕ್ಕೆ ತಗಡಿಲ್ಲ. ನಮ್ಮದಕ್ಕೇ ಯಾಕೆ? ಮೊಳೆಗಳು ಬೇರೆ ಹೊಚ್ಚ ಹೊಸವು. ಅಜ್ಜಿ ಇಕ್ಕಳ ತಂದಳು, ನಾನು ಕಿತ್ತೆ. ಮೊಳೆಯ ತೂತಿಗೆ ಅವಳು ಸಗಣಿ ಮೆತ್ತಿದಳು. ತಗಡು ಭದ್ರಾ ಹೊಳೆಯ ಪಾಲಾಯಿತು.

ವಾರದೊಳಗೆ, ಹೊಸ ಮನೆಸಾಲಿಗೆ ಜಾಗ ಮಾಡಲು ಕೊಡಲಿಯವರು ಬಂದರು. ಮೇಸ್ತ್ರಿ ಕೂಗಿದ: "ತಗಡಿರೋ ಮರ ಮುಟ್ಬೇಡ್ರೋ! ಬಗೆಗೊಂದು ಉಳಿಸ್ಬೇಕಂತೆ. ಮಿಕ್ಕಿದ್ದೆಲ್ಲ ಕಡೀರಿ."

ನಾನು ಅವನೆದುರು ನಿಂತು "ಪೊಂಗಾಮಿಯಾ ಗ್ಲಾಬ್ರ" ಎಂದೆ. ಮತ್ತೊಮ್ಮೆ, ಗಟ್ಟಿಯಾಗಿ.

"ಏನಮ್ಮ ಅದು, ನಿಮ್ಮ ಸ್ಕೂಲಿನ ಪ್ರಾರ್ಥನೆನಾ?" ಎಂದು ನಕ್ಕ.

ಅಜ್ಜಿ ನನ್ನ ಕೈ ಹಿಡಿದು ಹಿಂದಕ್ಕೆಳೆದಳು. ಕಿತ್ತದ್ದು ತಿಳಿದರೆ ಅಪ್ಪನ ಕೆಲಸಕ್ಕೆ ಕುತ್ತು. ಮಧ್ಯಾಹ್ನದೊಳಗೆ ಮೂರು ಹೊಂಗೆಗಳೂ ಉರುಳಿದವು. ಹಸಿ ಹೊಂಗೆಯ ಕಹಿ ವಾಸನೆ ಸಂಜೆಯವರೆಗೂ ಅಡುಗೆಮನೆಯಲ್ಲಿತ್ತು.

ಶಾಲೆಗೆ ರಜೆ ಬರುವ ಮೊದಲೇ ಅಜ್ಜಿ ಹೊಳಲೂರಿಗೆ ಹೊರಟಳು. ಗಾಡಿ ಹತ್ತುವಾಗ, "ನೀನು ಸರಿಯಾಗೇ ಓದಿದ್ದೆ ಕಣೆ" ಎಂದಳು.

ಆಮೇಲೆ ಎಷ್ಟೋ ಗಿಡಮರಗಳ ಲ್ಯಾಟಿನ್ ಹೆಸರು ಕಲಿತೆ. ಈಗ ತರಗತಿಯಲ್ಲಿ ಮಕ್ಕಳಿಗೆ ಅರ್ಥ ಹೇಳಿದರೆ ತಲೆಯಾಡಿಸಿ ಬರೆದುಕೊಳ್ಳುತ್ತಾರೆ. ಹೆಸರು ಇಟ್ಟದ್ದು ಯಾಕೆ ಎಂದು ನನ್ನೊಡನೆ ಜಗಳಕ್ಕೆ ನಿಲ್ಲುವವರು ಮನೆಯಲ್ಲಿ ಯಾರೂ ಉಳಿದಿಲ್ಲ.